ಫ್ರಾನ್ಸ್ ದೇಶದ ಮೋಹಿನಿ

ಮೊನ್ನೆ ನನ್ನ ಮೋಟರ್ ರಿಪೇರಿ ಅಂಗಡಿಗೆ ಸುಣ್ಣ ಬಳಿಸೋಣವೆಂದು ಅಟ್ಟದ ಮೇಲಿನ ಸಾಮಾನನ್ನೆಲ್ಲ ಕೆಳಗಿಳಿಸುತ್ತಿದ್ದೆ. ಸುಟ್ಟ ಕಾಯಿಲುಗಳು, ತುಕ್ಕು ಹಿಡಿದ ಬೇರಿಂಗುಗಳು, ಯಾರೋ ರಿಪೇರಿಗೆ ಕೊಟ್ಟು ಮರೆತೇಹೋದ ಟೇಬಲ್ ಫ್ಯಾನುಗಳು. ಇವುಗಳ ಅಡಿಯಿಂದ ಒಂದು ಪುಸ್ತಕ ಜಾರಿ ನನ್ನ ತಲೆಯ ಮೇಲೇ ಬಿತ್ತು. ಮುಂದಿನ ರಟ್ಟಿಲ್ಲ, ಹಿಂದಿನ ರಟ್ಟಿಲ್ಲ, ಕೊನೆಯ ಹಾಳೆಗಳೂ ಇಲ್ಲ. ಮೈತುಂಬ ವಾರ್ನಿಷ್ ಕಲೆ. ಪುಸ್ತಕದ ಹೆಸರೇನು, ಬರೆದವರು ಯಾರು, ಕನ್ನಡಕ್ಕೆ ತಂದ ಪುಣ್ಯಾತ್ಮರು ಯಾರು, ಒಂದೂ ಗೊತ್ತಾಗುವುದಿಲ್ಲ. ಇದು ಫ್ರಾನ್ಸ್ ದೇಶದ ಬಲು ಹಳೆಯ ಕಥೆ ಎಂದು ಉಳಿದಿರುವ ಮೊದಲ ಪುಟದಲ್ಲಿ ಒಂದು ಸಾಲಿದೆ, ಅಷ್ಟೆ.

ಈ ಪುಸ್ತಕದ ದೆಸೆಯಿಂದ ನಾನು ಒಮ್ಮೆ ಊರ ಮುಂದೆ ಕೂತು ಬೇವಿನ ಸೊಪ್ಪಿನಲ್ಲಿ ಹೊಡೆಸಿಕೊಂಡಿದ್ದೇನೆ ಎಂದರೆ ನೀವು ನಂಬುವುದಿಲ್ಲ. ಹೊಡೆಸಿಕೊಂಡವನು ನಾನಾದ್ದರಿಂದ ನನಗೆ ಮರೆಯುವುದಿಲ್ಲ.

ನನ್ನ ಓದಿನ ಸಂಗತಿ ಮೊದಲು ಹೇಳಿಬಿಡುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟರು, 'ನಿನಗ್ಯಾಕಯ್ಯ ಬೀಜಗಣಿತ, ನಾಳೆಯಿಂದ ಕೂಲಿಗೆ ಹೋಗು' ಎಂದರು. ಮೇಷ್ಟರು ಮಾತಿಗೆ ಅಂದದ್ದು. ನಾನು ನಿಜವಾಗಿಯೂ ಹೋಗಿಬಿಟ್ಟೆ. ಅವರು ಬಂದು ಕರೆಯಲಿ ಎಂದು ಕಾದೆ. ಅವರಿಗೆ ನಲವತ್ತು ಹುಡುಗರಲ್ಲಿ ಒಬ್ಬ ಕಡಿಮೆಯಾದದ್ದು ಗೊತ್ತಾಯಿತೋ ಇಲ್ಲವೋ. ಹೀಗೆ ನನ್ನ ಕೊಬ್ಬಿನಿಂದ ನಷ್ಟವಾದದ್ದು ನನಗೇ. ಆದರೆ ಕೈ ಸುಮ್ಮನೆ ಕೂರುವ ಜಾತಿಯದಲ್ಲ. ತಿ. ನರಸೀಪುರದಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿಗೆ ಸೇರಿ, ಮೂರು ವರ್ಷ ತಂತಿ ಸುತ್ತಿ ಸುತ್ತಿ, ಸುತ್ತಲ ಹಳ್ಳಿಗಳಲ್ಲಿ ಮೋಟರ್ ಸುಟ್ಟರೆ ನನ್ನನ್ನೇ ಕರೆಯುವ ಹಾಗಾದೆ.

ವಾರ್ನಿಷ್‌ನಲ್ಲಿ ಅದ್ದಿದ ಕಾಯಿಲನ್ನು ನೇತುಹಾಕಿ ತೊಟ್ಟಿಕ್ಕಲು ಬಿಡಬೇಕು. ಕೆಳಗೆ ಹಾಸಲು ಯಜಮಾನರು ಗುಜರಿಯಿಂದ ಹಳೇ ಕಾಗದವನ್ನು ಮೂಟೆಗಟ್ಟಲೆ ತರಿಸುತ್ತಿದ್ದರು. ಕಾಯಿಲು ಒಣಗುವವರೆಗೆ ಬೇರೆ ಕೆಲಸವಿಲ್ಲದಾಗ ನಾನು ಅದರಲ್ಲಿ ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದೆ. ಪಂಚಾಂಗ, ಗರ್ಭಿಣಿಯರ ಆರೈಕೆ, ಕೋಳಿ ಸಾಕಣೆ, ಯಾವುದೂ ಬಿಟ್ಟಿಲ್ಲ. ಈ ಫ್ರಾನ್ಸ್ ಕಥೆ ಸಿಕ್ಕಿದ್ದು ಹಾಗೆ.

ಕಥೆ ಇಷ್ಟು. ಒಬ್ಬ ಎಳೇ ವಯಸ್ಸಿನ ಸಿಪಾಯಿ. ಜೊತೆಯವರು ದೆವ್ವ ಭೂತದ ಮಾತಾಡುವಾಗ 'ನನಗೇನು ಹೆದರಿಕೆ, ಬರಲಿ' ಎಂದು ಕೊಚ್ಚಿಕೊಳ್ಳುತ್ತಾನೆ. ಪಾಳು ಕಟ್ಟಡದೊಳಗೆ ನಿಂತು ಸೈತಾನನನ್ನೇ ಕರೆಯುತ್ತಾನೆ. ಬರುತ್ತದೆ, ನೋಡಲಾಗದ ರೂಪದಲ್ಲಿ. ಇವನು ಒಳಗೇ ನಡುಗುತ್ತ ಮೇಲೆ ಯಜಮಾನನಂತೆ ಅಪ್ಪಣೆ ಮಾಡುತ್ತಾನೆ, ಅದು ಸಾಧುವಾಗಿ ಸೇವೆಗೆ ನಿಲ್ಲುತ್ತದೆ. ಕೊನೆಗೆ ಒಂದು ಹುಡುಗಿಯಾಗುತ್ತದೆ. ಎಂಥ ಹುಡುಗಿ! ಅವನಿಗಾಗಿ ಅಳುತ್ತಾಳೆ, ಗಾಯ ಮಾಡಿಕೊಳ್ಳುತ್ತಾಳೆ, ಹಿಂದೆ ಹಿಂದೆ ಬರುತ್ತಾಳೆ. ಅವಳು ಕೇಳುವುದು ಇಷ್ಟೇ, ನನ್ನ ಮೇಲೆ ಪ್ರೀತಿಯಿದೆ ಎಂದು ಬಾಯಿಬಿಟ್ಟು ಹೇಳು. ಅವನೋ, ತಾಯಿಯ ಒಪ್ಪಿಗೆ ಕೇಳಿ ಬರುತ್ತೇನೆ ತಾಳು, ತಾಳು ಎನ್ನುತ್ತಾನೆ. ಅವಳು ನಿಜವಾಗಿ ಪ್ರೀತಿಸಿದಳೋ, ಪ್ರೀತಿಯ ನಾಟಕವಾಡಿದ ಸೈತಾನನೋ ಎಂಬುದು ಹರಿದುಹೋದ ಹಾಳೆಗಳಲ್ಲಿತ್ತು. ಆ ಹಾಳೆಗಳ ಮೇಲೆ ಯಾವ ಊರಿನ ಮೋಟರಿನ ವಾರ್ನಿಷ್ ತೊಟ್ಟಿಕ್ಕಿತೋ.

ನನಗೆ ಆ ಸಿಪಾಯಿಯ ಮೇಲೆ ಬಹಳ ಸಿಟ್ಟಿತ್ತು. ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ ಅನ್ನಿಸುತ್ತಿತ್ತು. ಆಗ ನನಗೆ ಇಪ್ಪತ್ತೆರಡು. ಹೇಳಬೇಕಾದ ಹೊತ್ತು ನನಗೂ ಬರುತ್ತದೆ ಎಂದು ಗೊತ್ತಿರಲಿಲ್ಲ.

ನಮ್ಮೂರು ತಲಕಾಡಿನ ದಾರಿಯಲ್ಲಿ, ಹೊಳೆಯ ಬಯಲಿನಲ್ಲಿದೆ. ಮೇಲಿನ ಬೀದಿಯಲ್ಲಿ ಪಟೇಲರ ಮನೆ, ಗದ್ದೆ, ತೆಂಗು, ಹೊಳೆಯಂಚಿನಲ್ಲಿ ಪಂಪ್‌ಹೌಸು. ಊರಾಚೆ ನಮ್ಮ ಬೀದಿ. ಪಟೇಲರು ತೀರಿಕೊಂಡ ಮೇಲೆ ಹಿರಿಯ ಮಗ ಪ್ರಕಾಶ ಯಜಮಾನಿಕೆ ಮಾಡುತ್ತಿದ್ದ. ನನ್ನ ಹೆಸರು ಚಿಕ್ಕಸ್ವಾಮಿ. ಊರಾಚೆಯವನನ್ನು ಸ್ವಾಮಿ ಎಂದು ಕರೆಯಬೇಕಾದೀತೆಂದು ಅವನು 'ಚಿಕ್ಕ' ಎಂದಷ್ಟೇ ಕರೆಯುತ್ತಿದ್ದ. ನಮ್ಮ ಬೀದಿಯ ಹಿರಿಯರೆಲ್ಲ ಅವನನ್ನು 'ಬುದ್ಧಿ' ಎನ್ನುತ್ತಿದ್ದರು. ಅವನು ಸ್ವಾಮಿ ಅನ್ನಲಿಲ್ಲ, ನಾನು ಬುದ್ಧಿ ಅನ್ನಲಿಲ್ಲ. ಇಬ್ಬರೂ ಮೋಟರನ್ನು ನೋಡಿಕೊಂಡು ಮಾತಾಡುತ್ತಿದ್ದೆವು.

ಆ ಮನೆಯವರು ನನಗೆ ಟೀ ಕೊಡುತ್ತಿದ್ದದ್ದು ದನದ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ ಒಂದು ತಗಡಿನ ಲೋಟದಲ್ಲಿ. 'ನಾನು ಟೀ ಕುಡಿಯಲ್ಲ' ಎಂದುಬಿಟ್ಟೆ. ದಿನಕ್ಕೆ ಆರು ಟೀ ಕುಡಿಯುವ ಪ್ರಾಣಿ ನಾನು.

ಪ್ರಕಾಶನ ತಂಗಿ ಶೋಭಾ. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ಸ್ಟಾರ್ಟರ್ ಸರಿಮಾಡಿ ಎದ್ದೆ, ಪಂಪ್‌ಹೌಸಿನ ಕಿಟಕಿಯ ಕಟ್ಟೆಯ ಮೇಲೆ ಸ್ಟೀಲ್ ಲೋಟದಲ್ಲಿ ಟೀ ಹಬೆಯಾಡುತ್ತಿತ್ತು. ಮನೆಯೊಳಗಿನ ಲೋಟ. ಅಂಚಿನಲ್ಲಿ ಪಟೇಲರ ಹೆಸರು ಕೊರೆಸಿತ್ತು.

"ನಾನು ಟೀ ಕುಡಿಯಲ್ಲ," ಎಂದೆ ಗೋಡೆಯ ಕಡೆಗೆ.

"ನರಸೀಪುರದ ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಕುಡೀತಿದ್ದೋರು ನಿಮ್ಮ ತಮ್ಮ ಇರ್ಬೇಕು," ಎಂದಿತು ಗೋಡೆಯ ಆಚೆಯ ದನಿ. "ಆರೋಗ್ತದೆ. ಲೋಟ ನಾನೇ ತೊಳ್ಕೋತೀನಿ."

ಆಮೇಲೆ ಆ ಮೋಟರು ಬಹಳ ಸಲ ಕೆಟ್ಟಿತು. ನಾನು ಕೆಡಿಸಲಿಲ್ಲ ಎಂದು ಪ್ರಮಾಣ ಮಾಡಬಲ್ಲೆ. ಅವಳ ಬಗ್ಗೆ ಹಾಗೆ ಹೇಳಲಾರೆ. ಮಧ್ಯಾಹ್ನ ತ್ರೀಫೇಸ್ ಕರೆಂಟು ಬರುವ ಹೊತ್ತಿಗೇ ಹೋಗಬೇಕು, ಆ ಹೊತ್ತಿನಲ್ಲಿ ಗದ್ದೆಯಲ್ಲಿ ಯಾರೂ ಇರುವುದಿಲ್ಲ. ಅವಳು ಪಂಪ್‌ಹೌಸಿನ ಒಳಗೆ, ಗೋಣಿಚೀಲದ ಮೇಲೆ. ನಾನು ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು, ಸ್ಪ್ಯಾನರ್ ಹಿಡಿದು. ನೋಡಿದವರಿಗೆ ಕೆಲಸ ಮಾಡುತ್ತಿದ್ದಾನೆ ಅನ್ನಿಸಬೇಕು. ಆ ಫ್ರಾನ್ಸ್ ಕಥೆಯನ್ನು ಅವಳಿಗೆ ಕಂತುಕಂತಾಗಿ ಹೇಳಿದ್ದು ಹಾಗೆಯೇ, ಬೆನ್ನು ತಿರುಗಿಸಿಕೊಂಡು.

"ಅವ್ಳು ಸೈತಾನ ಅಲ್ಲ," ಎಂದಳು ಶೋಭಾ. "ಅವ್ನು ಪುಕ್ಕಲ. ಅಷ್ಟೇ ಕಥೆ."

ಈಗ ಇಲ್ಲಿ ಒಂದು ಹಳೇ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಆ ಕಾಲದಲ್ಲಿ ಒಂದು ದೆವ್ವದ ಸುದ್ದಿ ಊರೂರು ಸುತ್ತಿತ್ತು, ನಿಮಗೂ ನೆನಪಿರಬಹುದು. ಒಂದು ಹೆಣ್ಣುದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು. ಅದಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿಕೊಂಡು ಹೋಗುತ್ತದಂತೆ. ನನ್ನ ಅಕ್ಷರ ದುಂಡಗೆ ಇದ್ದದ್ದರಿಂದ ನಮ್ಮ ಬೀದಿಯ ಬಾಗಿಲುಗಳಿಗೆಲ್ಲ ಬರೆದುಕೊಟ್ಟವನು ನಾನೇ. ನಮ್ಮ ಮನೆಯ ಬಾಗಿಲಿನದನ್ನು ಮಾತ್ರ ಅಪ್ಪ ಟವೆಲಿನಿಂದ ಒರೆಸಿದರು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವರು, ನಂಜನಗೂಡಿನ ಹತ್ತಿರ ತಾಂಡ್ಯದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನಮ್ಮ ಮನೆಯಲ್ಲಿ ದೇವರಿಗೇ ಜಾಗವಿಲ್ಲ, ಇನ್ನು ದೆವ್ವಕ್ಕೆಲ್ಲಿ ಎನ್ನುತ್ತಿದ್ದರು. ಅಪ್ಪ ಶಿಫ್ಟಿಗೆ ಹೋದ ಮೇಲೆ ಅವ್ವ ಮತ್ತೆ ಬರೆಸುತ್ತಿದ್ದಳು. ಅಪ್ಪ ಬಂದು ಮತ್ತೆ ಒರೆಸುತ್ತಿದ್ದರು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಅಂಥ ದಿನಗಳಲ್ಲೇ, ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದ ಪಕ್ಕದ ಮನೆಯ ಕೆಂಪಮ್ಮ ನನ್ನನ್ನು ಕಂಡಳು. ಮಟಮಟ ಮಧ್ಯಾಹ್ನ, ಪಂಪ್‌ಹೌಸಿನ ಮುಂದೆ, ಒಬ್ಬನೇ, ಗಾಳಿಯ ಜೊತೆ ಮಾತಾಡುತ್ತ, ನಗುತ್ತ. ಒಳಗಿದ್ದವಳು ಕೆಂಪಮ್ಮನಿಗೆ ಕಾಣಲಿಲ್ಲ.

ಸಂಜೆ ಅವ್ವ ಮುದ್ದೆ ತಟ್ಟೆಯನ್ನು ಮುಂದಿಟ್ಟು ಕೇಳಿದಳು, "ಮದ್ಯಾನ ಯಾರ ಜೊತೇಲಪ್ಪ ಮಾತಾಡ್ತಿದ್ದೆ?"

"ಯಾರೂ ಇರ್ಲಿಲ್ಲ."

"ಯಾರೂ ಇರ್ಲಿಲ್ವಾ?"

"ಇಲ್ಲ ಅಂದ್ನಲ್ಲವ್ವ."

ಅವ್ವನ ಮುಖ ಬಿಳುಚಿತು. ಯಾರೋ ಇದ್ದರು ಎಂದಿದ್ದರೆ ಯಾರು ಎಂದು ಹೇಳಬೇಕಿತ್ತು. ಯಾರೂ ಇರಲಿಲ್ಲ ಎಂದದ್ದರಿಂದ ಅದು ಮೋಹಿನಿಯೇ ಎಂದು ಗಟ್ಟಿಯಾಯಿತು. ನೀವೇ ಹೇಳಿ, ಮೂರನೆಯ ಉತ್ತರ ಎಲ್ಲಿದೆ? ನಾನಂತೂ ತಟ್ಟೆ ಸರಿಸಿ ಎದ್ದೆ. ಊಟವೂ ಸೇರುತ್ತಿರಲಿಲ್ಲ, ಅದಕ್ಕೆ ಕಾರಣ ಬೇರೆ. ಆದರೆ ಸಾಕ್ಷಿಗೆ ಅದೂ ಸೇರಿಕೊಂಡಿತು. ವಾರದೊಳಗೆ, ಪಟೇಲರ ಪಂಪ್‌ಹೌಸಿನ ಮೋಹಿನಿ ಚಿಕ್ಕಸ್ವಾಮಿಯನ್ನು ಮೆಟ್ಟಿಕೊಂಡಿದ್ದಾಳೆ ಎಂದು ಮೇಲಿನ ಬೀದಿಗೂ ಸುದ್ದಿ ಮುಟ್ಟಿತು.

ಶೋಭಾ ಪಂಪ್‌ಹೌಸಿಗೆ ಬರುವುದು ನಿಂತಿತು. ಪಂಪ್‌ಹೌಸಿಗೆ ಬೀಗ ಹಾಕಿದ್ದರು.

ಅಮಾವಾಸ್ಯೆಯ ದಿನ ಅಪ್ಪ ಶಿಫ್ಟಿಗೆ ಹೋದ ಮೇಲೆ ಅವ್ವ ನನ್ನನ್ನು ಪಕ್ಕದ ಊರಿನ ಗುಡಿಗೆ ಕರೆದುಕೊಂಡು ಹೊರಟಳು. ಅಲ್ಲಿ ಒಬ್ಬ ಗುಡ್ಡಪ್ಪ, ಎಂದರೆ ಮೈಮೇಲೆ ದೇವರು ಬರುವ ಪೂಜಾರಿ, ದೆವ್ವ ಬಿಡಿಸುತ್ತಿದ್ದ. ನಾನು ಬರಲ್ಲ ಎನ್ನಬಹುದಿತ್ತು. ಅವ್ವ ದಾರಿಯುದ್ದಕ್ಕೂ ನನ್ನ ಅಂಗಿಯ ತುದಿ ಹಿಡಿದುಕೊಂಡೇ ನಡೆದಳು, ಬಿಟ್ಟರೆ ಹಾರಿಹೋಗುತ್ತೇನೆ ಎನ್ನುವ ಹಾಗೆ. ಎರಡು ಏಟು ತಿಂದು ಒಂದು ಕೋಳಿ ಕೊಟ್ಟರೆ ಮುಗಿಯುತ್ತದೆ, ಅವ್ವನ ಜೀವ ತಣ್ಣಗಾಗಲಿ ಎಂದುಕೊಂಡೆ.

ಗುಡಿಯ ಮುಂದೆ ಹುಣಸೆ ಮರದ ನೆರಳಲ್ಲಿ ಜನ ಸೇರಿದ್ದರು. ಹತ್ತಿರ ಬರುತ್ತಿದ್ದಂತೆ ಮರದ ಬೊಡ್ಡೆಗೆ ಒರಗಿಸಿದ ಒಂದು ಮೋಟರ್ ಬೈಕು ಕಂಡಿತು. ಅದರ ಮೇಲೆ ಪ್ರಕಾಶ ಕೂತಿದ್ದ. ಜೊತೆಗೆ ಅವನ ಇಬ್ಬರು ಗೆಳೆಯರು, ಕೈಮುಗಿಯಲೂ ಬಂದವರಲ್ಲ, ಕಾಯಿ ಒಡೆಸಲೂ ಬಂದವರಲ್ಲ.

ದೆವ್ವ ಬಿಡಿಸುವುದನ್ನು ನೀವು ನೋಡಿರದಿದ್ದರೆ ಹೇಳುತ್ತೇನೆ. ಮೊದಲು ದೆವ್ವದ ಬಾಯಿ ಬಿಡಿಸಬೇಕು. ಹೆಸರು, ಊರು, ಯಾರ ಮಗಳು, ಏಕೆ ಬಂದೆ, ಏನು ಕೊಟ್ಟರೆ ಹೋಗುತ್ತೀಯೆ. ಇದನ್ನೆಲ್ಲ ಮೆಟ್ಟಿಸಿಕೊಂಡವನ ಬಾಯಿಂದಲೇ ಹೇಳಿಸಬೇಕು. ಹೆಸರು ಹೇಳುವವರೆಗೆ ಬಿಡುವುದಿಲ್ಲ. ಪ್ರಕಾಶ ಯಾವ ಹೆಸರು ಕೇಳಲು ಬಂದು ಕೂತಿದ್ದಾನೆ ಎಂದು ನನಗೆ ಆ ಕ್ಷಣಕ್ಕೆ ತಿಳಿಯಿತು. ಆ ಹೆಸರು ನನ್ನ ಬಾಯಿಂದ ಬಂದರೆ ನನ್ನ ಗತಿ ಇರಲಿ, ಅವಳು ಆ ಮನೆಯೊಳಗಿದ್ದಳು, ಬಾಗಿಲು ಹಾಕಿಕೊಂಡ ಮನೆಯೊಳಗೆ.

ಕೂರಿಸಿದರು. ಒಣಮೆಣಸಿನಕಾಯಿಯ ಹೊಗೆ ಹಾಕಿದರು. ಕಣ್ಣು ಮೂಗು ಎಲ್ಲ ಉರಿ.

"ಯಾವ್ಳೇ ನೀನು? ಎಸ್ರು ಯೋಳು," ಎಂದು ಗುಡ್ಡಪ್ಪ ಬೇವಿನ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಬಿಟ್ಟ.

ನಾನು ಕೆಮ್ಮಿದೆ, ಅಷ್ಟೆ.

"ಯಾವೂರು? ಯಾವ ಬೀದಿ? ಯಾರ ಮಗ್ಳು ಬೊಗ್ಳು."

"ಬೇಗ ಯೋಳ್ಸು ಗುಡ್ಡಪ್ಪ," ಎಂದ ಪ್ರಕಾಶ ಬೈಕಿನಿಂದ ಇಳಿದು ಬರುತ್ತ. "ನಮ್ ಪಂಪ್‌ಹೌಸಿನ ದೆವ್ವ. ಎಸ್ರು ನಮ್ಗೂ ಗೊತ್ತಾಗ್ಬೇಕಲ್ಲ."

ಮತ್ತೆ ಸೊಪ್ಪಿನ ಏಟು. ಈಗ ಸೊಪ್ಪು ಉದುರಿ ಬರೀ ಕಡ್ಡಿ ಉಳಿದಿತ್ತು. ಅವ್ವ ದೂರದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಯಾವುದಾದರೂ ಸತ್ತ ಹೆಣ್ಣಿನ ಹೆಸರು ಹೇಳೋಣವೆಂದರೆ ಅವಳ ಮನೆಯವರ ಗತಿ ಏನು? ಮಗಳು ದೆವ್ವವಾದಳು ಎಂದು ಆ ತಾಯಿ ಜನ್ಮವೆಲ್ಲ ಅಳಬೇಕು. ತಲೆಯಲ್ಲಿ ಇದ್ದ ಜೀವಂತ ಹೆಸರು ಒಂದೇ. ಹೊಗೆ ಗಂಟಲಿಗಿಳಿದಂತೆಲ್ಲ ಅದು ಮೇಲೆ ಮೇಲೆ ಬರುತ್ತಿತ್ತು. ಇನ್ನೊಂದು ಏಟಿಗೆ ಹೊರಗೆ ಬೀಳುತ್ತದೆ ಎಂದು ನನಗೇ ಭಯವಾಯಿತು.

"ನಾನು ಈ ದೇಶದವ್ಳಲ್ಲ," ಎಂದೆ.

ಗುಡ್ಡಪ್ಪನ ಕೈ ಮೇಲೆಯೇ ನಿಂತಿತು. "ಮತ್ತಿನ್ಯಾವ ದೇಶದವ್ಳು?"

"ಫ್ರಾನ್ಸ್ ದೇಶ."

"ಅದೆಲ್ಲಿ ಬತ್ತದೆ? ಕೊಳ್ಳೇಗಾಲದಿಂದ ಆಚ್ಗಾ?"

"ಸಮುದ್ರದಿಂದ ಆಚ್ಗೆ."

ಹೆಸರು ಕೇಳಿದ. ಪುಸ್ತಕದ ಹುಡುಗಿಯ ಹೆಸರನ್ನೇ ಹೇಳಿದೆ. ಅದನ್ನು ತಿರುಗಿ ಹೇಳಲು ಗುಡ್ಡಪ್ಪ ಎರಡು ಸಲ ಪ್ರಯತ್ನಪಟ್ಟು ಬಿಟ್ಟುಬಿಟ್ಟ. ಇಲ್ಲಿಗೆ ಹೇಗೆ ಬಂದೆ ಎಂದ. ಗುಜರಿ ಕಾಗದದ ಮೂಟೆಯಲ್ಲಿ ಬಂದೆ ಎಂದೆ. ಅದು ಸತ್ಯವೇ ಆಗಿತ್ತು. ಜನ ಇನ್ನಷ್ಟು ಹತ್ತಿರ ಸರಿದರು. ಅವರ ಜನ್ಮದಲ್ಲಿ ಇಷ್ಟು ದೂರದ ದೆವ್ವವನ್ನು ನೋಡಿರಲಿಲ್ಲ.

ಪ್ರಕಾಶ ಮಾತ್ರ ನಗಲೂ ಇಲ್ಲ, ಬೆದರಲೂ ಇಲ್ಲ. "ಸಮುದ್ರದ ಆಚೆಯವ್ಳಿಗೆ ನಮ್ ಮಾತು ಎಂಗೆ ಬತ್ತದೆ?" ಎಂದ.

"ಇವ್ನ ನಾಲ್ಗೇಲಿ ಆಡ್ತಿದೀನಿ. ಇವ್ನಿಗೆ ಬ್ಯಾರೆ ಏನು ಬತ್ತದೆ?"

ಅವನು ಬೈಕಿನ ಚೀಲಕ್ಕೆ ಕೈಹಾಕಿ ಒಂದು ಸ್ಟೀಲ್ ಲೋಟ ತೆಗೆದ. ಅಂಚಿನ ಅಕ್ಷರಗಳು ನನ್ನ ಕಡೆಗೇ ಇದ್ದವು.

"ಇದು ನಮ್ಮನೆ ಲೋಟ. ಪಂಪ್‌ಹೌಸಿನಾಗೆ ಗೋಣಿಚೀಲದಡೀಲಿ ಸಿಕ್ತು. ನಮ್ಮನೆ ಅಡ್ಗೆಮನೆಯಿಂದ ಇದ್ನ ಅಲ್ಗೆ ತಂದಿಟ್ಟೋರು ಯಾರು? ಅದ್ನ ಯೋಳು ಸಾಕು. ಫ್ರಾನ್ಸು ಗೀನ್ಸು ಆಮೇಲೆ ನೋಡನ."

ಅವನ ಗೆಳೆಯರು ಎದ್ದು ಬಂದು ನನ್ನ ಎರಡೂ ಕಡೆ ನಿಂತಿದ್ದರು. ಅಡುಗೆಮನೆಯಿಂದ ಲೋಟ ತರುವವರು ಆ ಮನೆಯಲ್ಲಿ ಎಷ್ಟು ಜನ? ಮುದುಕಿ ತಾಯಿ, ಶೋಭಾ.

"ನಾನೇ ತಂದಿಟ್ಟೆ," ಎಂದೆ. "ನಿಮ್ಮನೆ ಬಾಗ್ಲು ಮೇಲೆ ಏನೂ ಬರ್ದಿರ್ಲಿಲ್ಲ. ಒಳೀಕೆ ಬಂದೆ. ಒಲೆ ತಾವ ಕೂತಿದ್ದೆ. ಲೋಟ ತಕ್ಕಂಡೆ."

ಪ್ರಕಾಶ ಲೋಟವನ್ನು ಮೈಯಿಂದ ದೂರ ಹಿಡಿದದ್ದನ್ನು ನಾನು ಹೊಗೆಯೊಳಗಿಂದಲೇ ನೋಡಿದೆ. ಗಂಡಸು ಎಷ್ಟೇ ಗಟ್ಟಿ ಇರಲಿ, ತನ್ನ ಮನೆಯ ಒಲೆಯ ಪಕ್ಕದಲ್ಲಿ ದೆವ್ವ ಕೂತಿತ್ತು ಎಂದರೆ ಆ ಒಲೆಯ ಅನ್ನ ಎಷ್ಟು ದಿನ ಉಂಡೆ ಎಂದು ಲೆಕ್ಕ ಹಾಕುತ್ತಾನೆ. ಮೇಲಿನ ಬೀದಿಯವರು ನಮ್ಮ ಹಾಗೆ 'ನಾಳೆ ಬಾ' ಬರೆಸಿರಲಿಲ್ಲ, ಅದು ಕೂಲಿಯವರ ಭಯವೆಂದು ನಕ್ಕಿದ್ದರು.

"ನಿಮ್ಮನೇಗೂ ನುಗ್ಗ್ಯದೆ ಕಣ್ರೀ ಪಟೇಲ್ರೆ," ಎಂದ ಗುಡ್ಡಪ್ಪ ದನಿ ತಗ್ಗಿಸಿ. ನನ್ನ ಕಡೆ ತಿರುಗಿ, "ಏನು ಕೊಟ್ರೆ ಬುಟ್ಟೋಯ್ತೀಯೆ? ಕೋಳಿಯಾ? ಸೀರೆಯಾ?" ಎಂದ.

ಅಲ್ಲಿಗೆ ಕೋಳಿ ಎಂದು ಮುಗಿಸುವವನಿಗೆ ಬುದ್ಧಿವಂತ ಎನ್ನುತ್ತಾರೆ. ನನ್ನ ಕೊಬ್ಬು ನಿಮಗೆ ಮೊದಲೇ ಹೇಳಿದ್ದೇನೆ. "ಟೀ ಬೇಕು. ಆ ಲೋಟದಾಗೇ. ಆ ಮನೆಯೋರ ಕೈಲೇ."

ದೆವ್ವ ಕೇಳಿದ್ದನ್ನು ಕೊಡದೆ ಇರುವಂತಿಲ್ಲ. ಎದುರಿನ ಗುಡಿಸಲು ಹೋಟೆಲಿನಿಂದ ಟೀ ಬಂತು. ಪ್ರಕಾಶ ಲೋಟ ಚಾಚಿದ. ಚಾಚಿದವನು ನನ್ನ ಕಣ್ಣನ್ನೇ ನೋಡುತ್ತಿದ್ದ, ಒಳಗೆ ಯಾರಿದ್ದಾರೆ ಎಂದು ಹುಡುಕುವವನಂತೆ. ನಾನು ಬಾಗಿಲಿಲ್ಲದ ಮನೆಯಂತೆ ಕಣ್ಣು ತೆರೆದುಕೊಂಡು ಕೊನೆಯ ಹನಿಯವರೆಗೂ ಕುಡಿದೆ. ಕೆಟ್ಟ ಟೀ, ಬರೀ ಸಕ್ಕರೆ.

"ಓಯ್ತು," ಎಂದ ಗುಡ್ಡಪ್ಪ. ಮತ್ತೆ ಪ್ರಕಾಶನಿಗೆ, "ಒಲೆ ತಾವ ಕೂತಿತ್ತು ಅಂದ್ರೆ ಸುಮ್ಕಿರಬ್ಯಾಡಿ. ಮನೇಲಿ ಮದ್ವೆಯಾಗ್ದೆ ಇರೋ ಎಣ್ಮಕ್ಳಿದ್ರೆ ಬಿರ್‍ರನೆ ಮದ್ವೆ ಮಾಡ್ಬುಡಿ. ಇಂಥವು ಅವ್ರನ್ನೇ ಇಡ್ಕೊಳ್ಳೋದು," ಎಂದ.

ನಾನು ಏಟು ತಿಂದದ್ದರ ನೋವು ಆಗ ಶುರುವಾಯಿತು.

ಅಪ್ಪನಿಗೆ ಸುದ್ದಿ ಫ್ಯಾಕ್ಟರಿಯ ಗೇಟಿನಲ್ಲೇ ಸಿಕ್ಕಿತಂತೆ. ಮನೆಗೆ ಬಂದವರು ಅವ್ವನನ್ನು ಬೈಯಲಿಲ್ಲ. ನನ್ನ ಹಣೆಯ ಬೂದಿಯನ್ನು ಟವೆಲಿನಿಂದ ಒರೆಸಿದರು, ಬಾಗಿಲು ಒರೆಸುತ್ತಿದ್ದರಲ್ಲ, ಹಾಗೆ.

"ದೆವ್ವ ಇಲ್ಲ ಅನ್ನೋದು ನಂಗೊತ್ತು ಕಣಪ್ಪ," ಎಂದರು. "ದೆವ್ವ ಇಲ್ಲ ಅಂದ್ಮೇಲೆ ಅಲ್ಲಿ ಒಂದು ಮನುಷ್ಯಜೀವ ಇತ್ತು. ಯಾರು ಅಂತ ನಾನು ಕೇಳಕಿಲ್ಲ. ನಾಳೆ ಬೆಳಿಗ್ಗೆ ನಂಜನಗೂಡಿಗೆ ಒಂಟೋಗು. ಅಲ್ಲಿ ವೈಂಡಿಂಗ್ ಕೆಲ್ಸಕ್ಕೆ ಯೋಳಿವ್ನಿ."

ಹೀಗೆ ನಾನು ನಂಜನಗೂಡಿಗೆ ಬಂದೆ. ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲೇ ಅಂಗಡಿ, ತಾಂಡ್ಯದ ಫ್ಯಾಕ್ಟರಿಗಳ ಮೋಟರುಗಳು ಬರುತ್ತಿದ್ದವು. ಕೈ ತುಂಬ ಕೆಲಸ. ನನ್ನ ಜಾಣತನದಿಂದ ಅವಳನ್ನು ಉಳಿಸಿದೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಮನಸ್ಸು ಕೇಳಿಸಿಕೊಳ್ಳುತ್ತಿತ್ತು, ಒಪ್ಪುತ್ತಿರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ತಲೆ ಎತ್ತಿದರೆ ಅಂಗಡಿಯ ಮುಂದೆ ಶೋಭಾ. ಕೈಯಲ್ಲಿ ಒಂದು ಸುಟ್ಟ ಮಿಕ್ಸಿ. ಹಣೆಯಲ್ಲಿ ದೇವಸ್ಥಾನದ ಕುಂಕುಮ.

"ಮಿಕ್ಸಿ ರಿಪೇರಿ ಮಾಡ್ತೀರಾ?" ಎಂದಳು, ಯಾರಾದರೂ ಕೇಳಿಸಿಕೊಳ್ಳುವಷ್ಟು ಜೋರಾಗಿ. ಆಮೇಲೆ ಮೆಲ್ಲಗೆ, "ನಾನು ಯಾವ ದೇಶದವ್ಳು?"

ನಾನು ಮಿಕ್ಸಿಯ ತಿರುಪು ಬಿಚ್ಚತೊಡಗಿದೆ. ಕೈಗೆ ಬೇರೆ ಕೆಲಸ ತಿಳಿಯಲಿಲ್ಲ.

"ಊರೆಲ್ಲ ನಗ್ತಾ ಅದೆ. ಫ್ರಾನ್ಸ್ ದೇಶದ ಮೋಹಿನಿಯಂತೆ, ಟೀ ಕುಡೀತಂತೆ. ನಿನ್ನ ದೆವ್ವ ನಂಗೆ ಗಂಡು ನೋಡ್ಬುಡ್ತು, ಗೊತ್ತಾ? ಕವಲಂದೆ ಕಡೆಯೋರು. ಬರೋ ವಾರ ಮದ್ವೆ. ನಂಜುಂಡಪ್ಪನ ಹರಕೆ ತೀರ್ಸಕ್ಕೆ ಚಿಕ್ಕಮ್ಮನ ಜೊತೆ ಬಂದಿವ್ನಿ. ಚಿಕ್ಕಮ್ಮ ಬಸ್ಸಲ್ಲಿ ಸೀಟ್ ಹಿಡ್ಕಂಡವ್ಳೆ."

"ನಿನ್ನ ಹೆಸರು ಹೇಳಿದ್ರೆ ಏನಾಗ್ತಿತ್ತು ಗೊತ್ತಲ್ಲ ಶೋಭಾ," ಎಂದೆ. "ನಿನ್ನ ಸುಮ್ನೆ ಬಿಡ್ತಿದ್ರಾ?"

"ಅವತ್ತು ಮದ್ಯಾನ ನಾನು ಎರಡು ಜೊತೆ ಬಟ್ಟೆ ಬ್ಯಾಗಿಗೆ ಹಾಕ್ಕಂಡು ಹಿತ್ಲ ಬಾಗ್ಲ ತಾವ ಕೂತಿದ್ದೆ. ಗುಡಿ ತಾವ ನಿನ್ನ ಬಾಯಿಂದ ನನ್ನ ಹೆಸರು ಬತ್ತದೆ, ಅಣ್ಣ ಬೈಕಲ್ಲಿ ಬರೋ ಅಷ್ಟ್ರಲ್ಲಿ ಹೊಳೆ ದಾಟಿರ್ತೀನಿ ಅಂತ. ಬಿಡ್ತಾರೋ ಕಡೀತಾರೋ ಅದು ನಾನು ಯೋಚ್ನೆ ಮಾಡ್ಬೇಕಾದ್ದು. ನನ್ನ ಕೇಳಿದ್ಯಾ ನೀನು? ನೀನೇ ಎಲ್ಲಾ ಯೋಚ್ನೆ ಮಾಡ್ಬುಟ್ಟು ನನ್ನ ಉಳಿಸ್ಬುಟ್ಟೆ. ಯಾರಿಗೆ ಉಳಿಸ್ದೆ? ಕವಲಂದೆಯೋನಿಗಾ?"

ತಿರುಪು ಕೈಯಿಂದ ಜಾರಿ ಎಲ್ಲೋ ಉರುಳಿತು. ಬಾಯಿಗೆ ಬಂದ ಮಾತು ಯಾವುದು ಗೊತ್ತೆ? ಹೇಳಲು ನಾಚಿಕೆಯಾಗುತ್ತದೆ. "ಅವ್ವನ್ನ ಒಂದು ಮಾತು ಕೇಳಿ..." ಎಂದೆ.

ಶೋಭಾ ನಕ್ಕಳು. ಪಂಪ್‌ಹೌಸಿನೊಳಗೆ ಆ ಸಿಪಾಯಿಯ ಕಥೆ ಕೇಳಿ ನಕ್ಕಿದ್ದಳಲ್ಲ, ಅದೇ ನಗು. "ಕೇಳ್ಕಂಡು ಬಾ ಸಾಮಿ, ಅವ್ವನ್ನ ಕೇಳ್ಕಂಡೇ ಬಾ. ಮಿಕ್ಸಿ ಇಲ್ಲೇ ಇರ್ಲಿ," ಎಂದು ತಿರುಗಿ ನಡೆದುಬಿಟ್ಟಳು.

ನಾನು ಕೂತೇ ಇದ್ದೆ. ಅವಳು ರಸ್ತೆ ದಾಟಿದ್ದು ಕಂಡಿತು, ತಿ. ನರಸೀಪುರದ ಬಸ್ಸು ಹತ್ತಿದ್ದು ಕಂಡಿತು. ಸೋಮವಾರವಾದ್ದರಿಂದ ಬಸ್ಸಿನ ತುಂಬ ದೇವಸ್ಥಾನಕ್ಕೆ ಬಂದ ನಮ್ಮ ಕಡೆಯವರೇ. ಕೆಂಪಮ್ಮ ಕೂಡ ಬಾಗಿಲ ಪಕ್ಕದ ಸೀಟಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೇಲಿನ ಬೀದಿಯವರು ಮುಂದೆ, ನಮ್ಮ ಬೀದಿಯವರು ಹಿಂದೆ. ಡ್ರೈವರು ಹತ್ತಿ ಕೂತ. ಎಂಜಿನ್ ಗುರುಗುಟ್ಟಿತು.

ಈ ಹೊತ್ತಿಗೂ ನನಗೆ ನಾನು ಎದ್ದದ್ದು ನೆನಪಿಲ್ಲ. ಓಡುತ್ತಿದ್ದೆ, ಅಷ್ಟು ಗೊತ್ತು, ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. ಬಸ್ಸು ಸ್ಟ್ಯಾಂಡಿನ ಗೇಟಿಗೆ ತಿರುಗುತ್ತಿತ್ತು. ಮೂರನೆಯ ಕಿಟಕಿಯಲ್ಲಿ ಅವಳು, ಮುಖ ಆಚೆಗೆ. ನಮ್ಮ ಬೀದಿಯ ಗಂಡಸು ಪಟೇಲರ ಮನೆಯ ಹೆಣ್ಣನ್ನು ಬರೀ ಹೆಸರು ಹಿಡಿದು, ಏಕವಚನದಲ್ಲಿ, ಹತ್ತು ಜನರ ನಡುವೆ ಕರೆದದ್ದು ನಮ್ಮೂರಿನಲ್ಲಿ ಯಾರೂ ಕೇಳಿದ್ದಲ್ಲ. ಕರೆಯದೆಯೂ ಬದುಕಬಹುದು ಎಂದು ಕಾಲು ಹೇಳುತ್ತಿತ್ತು.

"ಶೋಭಾ," ಎಂದೆ. ಎಂಜಿನ್ನೇ ಗೆದ್ದಿತು.

"ಶೋಭಾ, ಇಳಿ. ಹೋಗ್ಬೇಡ. ನಾನು ಮದ್ವೆಯಾಗ್ತೀನಿ."

ಬಸ್ಸಿನ ಎಲ್ಲ ಕಿಟಕಿಗಳಲ್ಲೂ ಮುಖಗಳು ಬಂದವು. ಕೆಂಪಮ್ಮ ಬಾಯಿಯ ಮೇಲೆ ಕೈಯಿಟ್ಟಳು. ಮುಂದಿನ ಸೀಟಿನ ಒಬ್ಬ ಮುದುಕ ಎದ್ದು ನಿಂತು, "ಯಾವನ್ಲಾ ಅವ್ನು?" ಎಂದದ್ದು ಕೇಳಿಸಿತು. ಶೋಭಾ ಮಾತ್ರ ಈ ಕಡೆ ನೋಡಲಿಲ್ಲ. ಬಸ್ಸು ಗೇಟು ದಾಟಿತು. ನಾನು ಪಕ್ಕದಲ್ಲೇ ಓಡುತ್ತಿದ್ದೆ, ಎಷ್ಟು ದೂರ ಓಡಬೇಕೆಂದು ತಿಳಿಯದೆ.

"ಹೋಲ್ಡಾನ್," ಎಂದಿತು ಒಳಗಿನಿಂದ ಒಂದು ಹೆಣ್ಣುದನಿ.

ಕಂಡಕ್ಟರು ಸೀಟಿ ಊದಿದ. ಬಸ್ಸು ಕಿರುಗುಟ್ಟಿ ನಿಂತಿತು. "ಏನಮ್ಮ, ಈಗ ತಾನೆ ಹತ್ತಿದ್ರಿ," ಎಂದು ಅವನು ಗೊಣಗುವುದರೊಳಗೆ ಶೋಭಾ ಮೆಟ್ಟಿಲಿಗೆ ಬಂದಿದ್ದಳು. ಚಿಕ್ಕಮ್ಮ ಬ್ಯಾಗಿನ ಹಿಡಿ ಹಿಡಿದು ಎಳೆಯುತ್ತಿದ್ದಳು, "ನಿಮ್ಮಣ್ಣ ಕೊಂದಾಕ್ತಾನೆ ಕಣೇ, ಬ್ಯಾಡ ಕಣೇ, ನನ್ನವ್ವ." ಶೋಭಾ ಬ್ಯಾಗನ್ನು ಬಿಟ್ಟಳು. ಅದು ಚಿಕ್ಕಮ್ಮನ ಕೈಯಲ್ಲೇ ಉಳಿಯಿತು. ಅವಳು ಇಳಿದಳು.

ಕಂಡಕ್ಟರು ನನ್ನನ್ನೂ ಅವಳನ್ನೂ ನೋಡಿದ, ಗಡಿಯಾರ ನೋಡಿಕೊಂಡ. "ರೈಟ್, ರೈಟ್," ಎಂದ.

ಬಸ್ಸು ನಮ್ಮೂರ ಕಡೆಗೆ ಹೊರಟಿತು, ತುಂಬಿದ ಸುದ್ದಿಯನ್ನು ಹೊತ್ತುಕೊಂಡು. ಅದು ಊರು ಮುಟ್ಟಿ, ಚಿಕ್ಕಮ್ಮ ಬೀದಿಯುದ್ದಕ್ಕೂ ಅಳುತ್ತ ನಡೆದು, ಪ್ರಕಾಶ ಬೈಕಿಗೆ ಕಾಲು ಹಾಕುವವರೆಗೆ ನಮಗೆ ಹೊತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಇರಲಿಲ್ಲ. ಅವಳು ಏದುಸಿರು ಬಿಡುತ್ತಿದ್ದಳು, ಓಡಿದವನು ನಾನಾದರೂ.

"ಮೈಸೂರು ಬಸ್ಸು ಯಾವ ಕಡೆ ನಿಲ್ತದೆ?" ಎಂದು ಕೇಳಿದಳು.